ಬೇಸ್ ನುಡಿಸುವವರು ಎಲ್ಲಿ ಹೋದರು? ಭದ್ರಾವತಿ–ಶಿವಮೊಗ್ಗ ಆರ್ಕೆಸ್ಟ್ರಾಗಳ ನಾಲ್ಕು ತಂತಿಯ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ನೀವು ಶಿವಮೊಗ್ಗದವರೋ ಭದ್ರಾವತಿಯವರೋ ಆಗಿದ್ರೆ, ಗಣಪತಿ ಪೆಂಡಾಲ್ ಮುಂದೆಯೋ ರಾಜ್ಯೋತ್ಸವದ ವೇದಿಕೆ ಮುಂದೆಯೋ ಕುರ್ಚಿ ಎಳ್ಕೊಂಡು ಕೂತು ಒಂದಾದ್ರೂ ಆರ್ಕೆಸ್ಟ್ರಾ ನೋಡೇ ಇರ್ತೀರಿ. ವೇದಿಕೆ ಮೇಲೆ ಯಾರ್ಯಾರಿದ್ರು ನೆನಪು ಮಾಡ್ಕೊಳ್ಳಿ. ಗಾಯಕರು, ಗಾಯಕಿ, ಕೀಬೋರ್ಡ್, ರಿದಮ್ ಪ್ಯಾಡ್, ತಬಲ, ಮಧ್ಯೆ ಮಧ್ಯೆ ಮಿಮಿಕ್ರಿ ಮಾಡೋ ನಿರೂಪಕ. ಹಿಂದುಗಡೆ, ಸ್ಪೀಕರ್ ಪೆಟ್ಟಿಗೆ ಪಕ್ಕದಲ್ಲಿ, ನಾಲ್ಕು ದಪ್ಪ ತಂತಿಯ ಉದ್ದನೆ ಗಿಟಾರ್ ಹಿಡ್ಕೊಂಡು ಯಾರ ಮುಖವನ್ನೂ ನೋಡದೆ ನಿಂತಿರ್ತಿದ್ದ ಒಬ್ಬರು ನೆನಪಾದ್ರಾ? ವಯಸ್ಸು ನಲವತ್ತೈದು ದಾಟಿದ್ರೆ ಆಗಬಹುದು. ನನ್ನ ವಯಸ್ಸಿನವರಿಗೆ ಆಗಲ್ಲ. ಯಾಕಂದ್ರೆ ನಾವು ನೋಡೋ ಹೊತ್ತಿಗೆ ಅವರು ವೇದಿಕೆಯಿಂದ ಇಳಿದಾಗಿತ್ತು.

ಅವರೇ ಬೇಸ್ ಗಿಟಾರ್ ನುಡಿಸುವವರು. ಕೆಲವರು ಬೇಸ್ ಅಂತಾರೆ, ಕೆಲವರು ಬಾಸ್ ಅಂತಾರೆ. ಬಾಸ್ ಅಂದ್ರೆ ನಮ್ಮ ಕಡೆ ಬೇರೆ ಅರ್ಥವೂ ಇದೆ, ಹಾಗಾಗಿ ನಾನು ಬೇಸ್ ಅಂತಲೇ ಹೇಳ್ತೀನಿ. ಈ ವಾದ್ಯ ಇಲ್ಲಿಗೆ ಹೇಗೆ ಬಂತು, ಇಲ್ಲಿ ಯಾಕೆ ಉಳೀಲಿಲ್ಲ ಅನ್ನೋದೇ ಇವತ್ತಿನ ಸಂಚಿಕೆ. ನಾನೂ ಒಂದು ಸೆಕೆಂಡ್ ಹ್ಯಾಂಡ್ ಬೇಸ್ ಇಟ್ಕೊಂಡು ಸಂಜೆ ಹೊತ್ತು ಕಲೀತಾ ಇರೋನು. ಆದ್ದರಿಂದ ನಿಷ್ಪಕ್ಷಪಾತ ನಿರೀಕ್ಷೆ ಮಾಡಬೇಡಿ.

ಮೊದಲು ಸ್ವಲ್ಪ ದೂರ ಹೋಗಿ ಬರೋಣ.

ಹಳೇ ಕಾಲದ ಬ್ಯಾಂಡ್‌ಗಳಲ್ಲಿ ಕೆಳಸ್ವರಕ್ಕೆ ಇದ್ದದ್ದು ಡಬಲ್ ಬೇಸ್. ಪಿಟೀಲಿನ ಅಜ್ಜ ಅನ್ನಬಹುದು, ಆಳೆತ್ತರ, ನೆಲಕ್ಕೆ ಊರಿ ನುಡಿಸಬೇಕು. ಎರಡು ತೊಂದರೆ. ಒಂದು, ಊರಿಂದ ಊರಿಗೆ ಸಾಗಿಸೋದು ಶಿಕ್ಷೆ. ಎರಡು, ಡ್ರಮ್ಮು, ಟ್ರಂಪೆಟ್ಟು, ಎಲೆಕ್ಟ್ರಿಕ್ ಗಿಟಾರ್ ಸೇರಿದ ಮೇಲೆ ಅದರ ಧ್ವನಿ ಕೇಳೋದೇ ಇಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಅನ್ನೋರು 1930ರ ದಶಕದಲ್ಲೇ ಅಡ್ಡ ಹಿಡಿದು ನುಡಿಸೋ ಎಲೆಕ್ಟ್ರಿಕ್ ಬೇಸ್ ಮಾಡಿದ್ರು, ಆದ್ರೆ ಅದು ನಡೀಲಿಲ್ಲ. ನಡೆದದ್ದು 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ತಂದ ಪ್ರಿಸಿಷನ್ ಬೇಸ್. ಕತ್ತಿನ ಮೇಲೆ ಫ್ರೆಟ್ ಇರೋದ್ರಿಂದ ಬೆರಳು ಇಟ್ಟಲ್ಲಿ ಸ್ವರ ಕರಾರುವಾಕ್ಕಾಗಿ ಬರುತ್ತೆ, ಅದಕ್ಕೇ ಆ ಹೆಸರು. 34 ಇಂಚಿನ ತಂತಿ ಅಳತೆ. ಇವತ್ತು ಅಂಗಡಿಯಲ್ಲಿ ಸಿಗೋ ಹೆಚ್ಚಿನ ಬೇಸ್‌ಗಳ ಅಳತೆ ಈಗಲೂ ಅದೇ.

ಈ ಲಿಯೋ ಫೆಂಡರ್ ಬಗ್ಗೆ ನನಗೆ ಬಿ.ಕಾಂ. ಅಭಿಮಾನ ಒಂದಿದೆ. ಮನುಷ್ಯ ಓದಿದ್ದು ಅಕೌಂಟಿಂಗ್. ಲೆಕ್ಕ ಬರೆಯೋ ಕೆಲಸದಲ್ಲಿದ್ದ, ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಹೋಯ್ತು, ರೇಡಿಯೋ ರಿಪೇರಿ ಅಂಗಡಿ ಇಟ್ಟ. ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ಅಂಥವನು ಮಾಡಿದ ವಾದ್ಯ ಲೋಕದ ಸಂಗೀತದ ತಳಪಾಯವನ್ನೇ ಬದಲಾಯಿಸ್ತು. ಇಷ್ಟು ಸಾಕು ನನಗೆ.

ಈಗ ಮದ್ರಾಸಿಗೆ ಬರೋಣ. ನಮ್ಮ ಸಿನಿಮಾ ಸಂಗೀತದ ದೊಡ್ಡ ಪಾಲು ಧ್ವನಿಮುದ್ರಣ ಆಗ್ತಿದ್ದದ್ದು ಅಲ್ಲೇ. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಕೆಲಸ ಕಲಿತ ಇಳಯರಾಜಾ, ಎಪ್ಪತ್ತರ ದಶಕದ ಕೊನೆಗೆ ಬೇಸ್ ಗಿಟಾರನ್ನ ಬರೀ ತಾಳಕ್ಕೆ ಜೊತೆ ಕೊಡೋ ವಾದ್ಯ ಅಂತ ನೋಡೋದು ಬಿಟ್ರು. ಪ್ರತಿ ವಾದ್ಯಕ್ಕೂ ಸ್ವರಲಿಪಿ ಬರೆದು ಕೊಡೋರು ಅವರು. ಅವರ ಬೇಸ್ ಹಾಡಿನ ಕೆಳಗಡೆ ಇನ್ನೊಂದು ಹಾಡಿನ ಥರ ನಡೀತಿರುತ್ತೆ. ಅವರ ತಂಡದಲ್ಲಿ ಬಹುಕಾಲ ಬೇಸ್ ನುಡಿಸಿದ ಶಶಿಧರನ್, ಆಮೇಲೆ ಎ.ಆರ್. ರೆಹಮಾನ್ ಜೊತೆ ನುಡಿಸಿದ ಕೀತ್ ಪೀಟರ್ಸ್, ಈ ಹೆಸರುಗಳು ಕ್ಯಾಸೆಟ್ ಕವರ್ ಮೇಲೆ ಬಂದದ್ದು ಎಷ್ಟು ಸಲ? ಅಮೆರಿಕದಲ್ಲೂ ಇದೇ ಹಣೆಬರಹ. ಮೋಟೌನ್ ಕಂಪನಿಯ ನೂರಾರು ಹಾಡಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಹೆಸರು ಅವರ ಆಲ್ಬಮ್ ಕವರ್ ಮೇಲೆ ಮೊದಲು ಬಂದದ್ದು 1971ರಲ್ಲಿ, ಮಾರ್ವಿನ್ ಗೇ ಅವರ ಆಲ್ಬಮ್‌ನಲ್ಲಿ.

ಕನ್ನಡದಲ್ಲಿ ಬೇಸ್ ಗಿಟಾರಿಗೆ ಒಂದು ಸಾಕ್ಷಿ ಬೇಕಾದ್ರೆ 1981ರ ‘ಗೀತಾ’. ಶಂಕರ್ ನಾಗ್ ನಿರ್ದೇಶನ, ಇಳಯರಾಜಾ ಸಂಗೀತ. ಒಳ್ಳೇ ಹೆಡ್‌ಫೋನ್ ಹಾಕ್ಕೊಂಡು ಆ ಹಾಡುಗಳನ್ನ ಇನ್ನೊಂದು ಸಲ ಕೇಳಿ, ಗಾಯಕರನ್ನ ಬಿಟ್ಟು ಕೆಳಗಿನ ಸ್ವರದ ಹಿಂದೆ ಹೋಗಿ. ಮೂವತ್ತು ಸಲ ಕೇಳಿದ ಹಾಡು ಹೊಸದಾಗಿ ಕೇಳುತ್ತೆ.

ಇಲ್ಲೇ ನಮ್ಮೂರಿನ ಕತೆ ಶುರುವಾಗೋದು. ಇಲ್ಲಿ ಆ ಬೇಸ್ ಯಾರಿಗೂ ಕೇಳ್ತಾ ಇರಲಿಲ್ಲ.

ನಾನು ತಮಾಷೆ ಮಾಡ್ತಿಲ್ಲ. ನಮ್ಮ ಜಿಲ್ಲೆಗೆ ಹಾಡು ಬರ್ತಿದ್ದದ್ದು ಹೆಚ್ಚಾಗಿ ರೇಡಿಯೋದಿಂದ. ಆಕಾಶವಾಣಿ ಭದ್ರಾವತಿ ಕೇಂದ್ರ ಶುರುವಾದದ್ದು 1965ರಲ್ಲಿ. 675 ಕಿಲೋಹರ್ಟ್ಜ್, ನಮ್ಮಜ್ಜಿಗೆ ಮುಳ್ಳು ಎಲ್ಲಿ ನಿಲ್ಲಿಸಬೇಕು ಅಂತ ಕತ್ತಲಲ್ಲೂ ಗೊತ್ತಿತ್ತು. ಆದ್ರೆ ಮನೆಯ ಟ್ರಾನ್ಸಿಸ್ಟರ್‌ನಲ್ಲಿ ಇರೋದು ಅಂಗೈಯಗಲದ ಸ್ಪೀಕರ್. ಬೇಸ್ ಗಿಟಾರಿನ ದಪ್ಪ ತಂತಿ ಖಾಲಿ ಮೀಟಿದ್ರೆ ಸೆಕೆಂಡಿಗೆ ಸುಮಾರು 41 ಕಂಪನ. ಅಷ್ಟು ಕೆಳಗಿನ ಸ್ವರ ಆಡಿಸೋಕೆ ಆ ಪುಟ್ಟ ಸ್ಪೀಕರ್ ಕೈಲಿ ಆಗಲ್ಲ. ನಮಗೆ ಕೇಳೋದು ಆ ಸ್ವರದ ಮೇಲಿನ ಪದರಗಳು ಮಾತ್ರ, ತಳವನ್ನ ನಮ್ಮ ಮೆದುಳು ಊಹೆ ಮಾಡ್ಕೊಳ್ಳುತ್ತೆ. ಒಂದು ತಲೆಮಾರು ಪೂರ್ತಿ ಬೇಸ್ ಗಿಟಾರನ್ನ ಊಹೆ ಮಾಡ್ಕೊಂಡು ಬೆಳೆದಿದೆ ಅಂದ್ರೆ ತಪ್ಪಲ್ಲ.

ನಿಜವಾಗಿ ಕೇಳ್ತಿದ್ದದ್ದು ಟಾಕೀಸ್‌ನಲ್ಲಿ. ಭದ್ರಾವತಿ ನ್ಯೂಟೌನ್‌ನಲ್ಲಿರೋ ಒಬ್ಬ ಹಿರಿಯರ ಜೊತೆ ಮಾತಾಡಿದೆ. ಹೆಸರು ಬೇಡಪ್ಪ ಅಂದ್ರು, ಹಾಗಾಗಿ ಅಂಕಲ್ ಅಂತಲೇ ಕರೀತೀನಿ. ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದು ನಿವೃತ್ತರಾದವರು, ಎಂಬತ್ತರ ದಶಕದಿಂದ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸಿದವರು. ಒಂದೇ ಸಿನಿಮಾಕ್ಕೆ ಮೂರು ಸಲ ಟಿಕೆಟ್ ತಗೊಂಡು, ಪರದೆ ಹಿಂದಿನ ಸ್ಪೀಕರ್‌ಗೆ ಹತ್ತಿರ ಅಂತ ಗಾಂಧಿ ಕ್ಲಾಸಲ್ಲಿ ಕೂತು ಬೇಸ್ ಕಲಿತವರು. “ಹೀರೋಯಿನ್ ಮುಖ ನೋಡಿದ್ದು ಮೂರನೇ ಸಲಕ್ಕೆ ಕಣಪ್ಪಾ,” ಅಂದ್ರು. ಆಂಟಿ ಅಲ್ಲೇ ಕೂತು ಸೊಪ್ಪು ಬಿಡಿಸ್ತಾ ಇದ್ರು, ನಂಬಿದ ಹಾಗೆ ಕಾಣಲಿಲ್ಲ.

ಇಷ್ಟು ಜನ ಭದ್ರಾವತಿಯಲ್ಲೇ ಯಾಕೆ ನುಡಿಸ್ತಿದ್ರು? ಇದಕ್ಕೆ ನನ್ನ ಉತ್ತರ ಸಂಗೀತದ್ದಲ್ಲ, ಸಂಬಳದ್ದು.

ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪನೆ ಆಯ್ತು, 1923ರಲ್ಲಿ ಉತ್ಪಾದನೆ ಶುರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ. ಕನ್ನಡದವರ ಜೊತೆ ತಮಿಳರು, ಮಲಯಾಳಿಗಳು, ತೆಲುಗರು, ಉರ್ದು ಮಾತಾಡುವವರು, ಎಲ್ಲರೂ ಒಂದೇ ಸಾಲಿನ ಕ್ವಾರ್ಟರ್ಸ್‌ನಲ್ಲಿ. ಈ ಊರಿನ ಆರ್ಕೆಸ್ಟ್ರಾದವರಿಗೆ ರಾಜಕುಮಾರ್ ಹಾಡೂ ಬರಬೇಕಿತ್ತು, ಎಂಜಿಆರ್ ಹಾಡೂ ಬರಬೇಕಿತ್ತು, ರಫಿ ಹಾಡೂ ಬರಬೇಕಿತ್ತು. ತಿಂಗಳಿಗೆ ಗೊತ್ತಾದ ದಿನ ಸಂಬಳ, ವರ್ಷಕ್ಕೆ ಬೋನಸ್, ಪಾಳಿ ಮುಗಿದ ಮೇಲೆ ಕೈಯಲ್ಲಿ ಸಮಯ. ಹವ್ಯಾಸಿ ಸಂಗೀತ ಬೆಳೆಯೋಕೆ ಇಷ್ಟು ಬೇಕು. ಹಳ್ಳಿಯ ರೈತನ ಮಗನಿಗೆ ಗಿಟಾರ್ ತಗೊಳ್ಳೋ ಧೈರ್ಯ ಬರ್ತಿರಲಿಲ್ಲ. ಶಿವಮೊಗ್ಗದ ಅಂಗಡಿ ಗುಮಾಸ್ತನಿಗೂ ಕಷ್ಟವೇ. ಕಾರ್ಖಾನೆಯವರು ಸೊಸೈಟಿ ಸಾಲ ತಗೊಂಡು ತರ್ತಿದ್ರು. ಕಲೆ ಗಿಲೆ ಅಂತ ನಾವು ಎಷ್ಟೇ ಹೇಳಿದ್ರೂ ಬೇಸ್ ಗಿಟಾರಿನ ಹಿಂದೆ ಒಂದು ಪೇ ಸ್ಲಿಪ್ ಇರುತ್ತೆ. ಶಿವಮೊಗ್ಗದ ಆರ್ಕೆಸ್ಟ್ರಾದವರು ಬೇಸ್ ಬೇಕಾದಾಗ ಭದ್ರಾವತಿಗೆ ಹೇಳಿ ಕಳಿಸ್ತಿದ್ದದ್ದೂ ಇದಕ್ಕೇ ಅಂತ ಅಂಕಲ್ ವಾದ. ಇಪ್ಪತ್ತು ಕಿಲೋಮೀಟರ್ ಆಸುಪಾಸು ದೂರ, ಬಸ್ಸಿನ ಟಾಪ್ ಮೇಲೆ ವಾದ್ಯ, ಕೆಳಗೆ ಇವರು, ಪ್ರತಿ ಹಂಪಿಗೂ ಜೀವ ಬಾಯಿಗೆ.

ಅಂಕಲ್ ಅವರ ಮೊದಲ ಬೇಸ್ ಕಲ್ಕತ್ತಾದ ಗಿವ್ಸನ್. ನಮ್ಮ ದೇಶದ ಎಷ್ಟೋ ಜನರಿಗೆ ಮೊದಲ ಗಿಟಾರ್ ಅದೇ. ವಿದೇಶದ ವಾದ್ಯ ಅಂದ್ರೆ ಆಮದು ಸುಂಕ ಸೇರಿ ಕೈಗೆಟುಕದ ಮಾತು, ಯಾರೋ ಗಲ್ಫ್‌ನಿಂದ ತರಬೇಕು. ಗಿವ್ಸನ್ ಬಗ್ಗೆ ನಗಾಡೋರು ಬಹಳ ಜನ ಇದ್ದಾರೆ, ನಾನೂ ಮೊದಲು ನಕ್ಕೋನೇ. ಅಂಕಲ್ ಮನೆಯಲ್ಲಿದ್ದ ಹಳೇ ವಾದ್ಯದಲ್ಲಿ ತಂತಿಗೂ ಫ್ರೆಟ್‌ಗೂ ನಡುವೆ ಬೆರಳು ತೂರಿಸಬಹುದು ಅನ್ನೋ ಹಾಗಿತ್ತು. ಒತ್ತಿ ಒತ್ತಿ ನನ್ನ ಬೆರಳು ಎರಡು ದಿನ ನೋವು. ಆದ್ರೆ ಅದರಲ್ಲಿ ಕಲಿತವರು ಬೇರೆ ಯಾವ ಬೇಸ್ ಕೊಟ್ರೂ ಹೂವಿನ ಹಾಗೆ ನುಡಿಸ್ತಾರೆ. ಐವತ್ತು ಸಾವಿರದ ಐದು ತಂತಿ ಬೇಸ್ ಇಟ್ಕೊಂಡು ಐದನೇ ತಂತಿ ಮೇಲೆ ಹೆಬ್ಬೆರಳು ಊರೋದು ಬಿಟ್ಟು ಬೇರೇನೂ ಮಾಡದ ನಮ್ಮ ಕಾಲದ ಹುಡುಗರನ್ನ ನೋಡಿದ್ದೀನಿ. ಹ್ಞಾಂ, ಬೈಕೊಳ್ಳಿ.

ತಂತಿಯದ್ದು ಇನ್ನೊಂದು ಕತೆ. ಉಕ್ಕಿನ ಊರಲ್ಲಿ ಬೇಸ್‌ಗೆ ಉಕ್ಕಿನ ತಂತಿ ಸಿಗ್ತಿರಲಿಲ್ಲ. ಬೆಂಗಳೂರಿಗೆ ಹೋದವರ ಕೈಲಿ ತರಿಸಬೇಕು. ಹಳೇ ತಂತಿ ಬೆವರು, ಕೊಳೆ ತುಂಬಿ ಸತ್ತು ಹೋಗುತ್ತೆ, ಠಣ್ ಅನ್ನೋದು ದಪ್ ಅನ್ನುತ್ತೆ. ಆಗ ಬಿಚ್ಚಿ ಸುರುಳಿ ಸುತ್ತಿ ನೀರಲ್ಲಿ ಕುದಿಸೋದು. ಲೋಕದಲ್ಲೆಲ್ಲ ಬೇಸ್‌ನವರು ಮಾಡೋದೇ ಇದು, ಸುತ್ತಿನ ಸಂದಿಯ ಕೊಳೆ ಬಿಡುತ್ತೆ, ಕೆಲವು ದಿನ ಮತ್ತೆ ಹೊಳಪು ಬರುತ್ತೆ. ಆಂಟಿಗೆ ಈ ವಿಷಯ ಎತ್ತಿದ ತಕ್ಷಣ ಸೊಪ್ಪು ಬಿಡಿಸೋದು ನಿಲ್ತು. “ನಮ್ಮ ಸಾರಿನ ಪಾತ್ರೆ! ಕೇಳ್ರಿ ಅವ್ರನ್ನ, ಯಾವ ಪಾತ್ರೇಲಿ ಕುದಿಸ್ತಿದ್ರು ಅಂತ!”

ಹೊಸ ತಂತಿನೋ ಹಳೇ ತಂತಿನೋ ಅನ್ನೋ ಜಗಳ ಹವ್ಯಾಸಿಗಳಲ್ಲಿ ಇವತ್ತಿಗೂ ಮುಗಿದಿಲ್ಲ. ಜೇಮರ್ಸನ್ ತಂತಿ ತುಂಡಾಗೋವರೆಗೂ ಬದಲಾಯಿಸ್ತಿರಲಿಲ್ಲ ಅಂತಾರೆ. ಇಂಗ್ಲೆಂಡಿನ ಜಾನ್ ಎಂಟ್‌ವಿಸಲ್ ಅರವತ್ತರ ದಶಕದಲ್ಲಿ ರೋಟೋಸೌಂಡ್ ಕಂಪನಿಯ ಹೊಳಪಿನ ತಂತಿಗಳಿಗಾಗಿ ಹಟ ಹಿಡಿದವರು. ನನ್ನ ಅಭಿಪ್ರಾಯ ಕೇಳಿದ್ರೆ, ಇಳಯರಾಜಾ ನುಡಿಸೋಕೆ ಅರ್ಧ ಸತ್ತ ತಂತಿಯೇ ಚೆಂದ.

ವಾದ್ಯ ಬಂತು, ತಂತಿ ಕುದೀತು. ಸ್ಪೀಕರ್? ಆ ಕಾಲದ ಮೈಕ್ ಸೆಟ್ ಅಂದ್ರೆ ಕಂಬಕ್ಕೆ ಕಟ್ಟಿದ ಹಾರ್ನ್. ಭಾಷಣಕ್ಕೆ, ಭಕ್ತಿಗೀತೆಗೆ ಮಾಡಿದ್ದು. ಸುಮಾರು ಇನ್ನೂರು ಮುನ್ನೂರು ಹರ್ಟ್ಜ್‌ಗಿಂತ ಕೆಳಗಿನದ್ದನ್ನ ಅದು ಹೊರಗೆ ಬಿಡೋದೇ ಇಲ್ಲ. ಬೇಸ್ ಗಿಟಾರಿನ ಅತಿ ತೆಳು ತಂತಿಯನ್ನ ಖಾಲಿ ಮೀಟಿದ್ರೂ 98. ಅಂದ್ರೆ ವೇದಿಕೆ ಮೇಲಿನ ಮನುಷ್ಯ ಬೆವರು ಸುರಿಸಿ ನುಡಿಸ್ತಾ ಇದ್ದಾನೆ, ಮೈದಾನದಲ್ಲಿ ಕೂತ ಜನಕ್ಕೆ ಏನೂ ಇಲ್ಲ. ಅದಕ್ಕೆ ಅಂಕಲ್ ಬಡಗಿ ಹತ್ರ ಪ್ಲೈವುಡ್ ಪೆಟ್ಟಿಗೆ ಮಾಡಿಸಿ 15 ಇಂಚಿನ ಸ್ಪೀಕರ್ ಕೂರಿಸಿದ್ರು. ಇಬ್ಬರು ಹೊರಬೇಕು. ಡಬಲ್ ಬೇಸ್ ಹೊರೋದು ತಪ್ಪಲಿ ಅಂತ ಲಿಯೋ ಫೆಂಡರ್ ಮಾಡಿದ ವಾದ್ಯಕ್ಕೆ ಭದ್ರಾವತಿಯಲ್ಲಿ ಅದಕ್ಕಿಂತ ಭಾರದ ಪೆಟ್ಟಿಗೆ!

ಆ ಪೆಟ್ಟಿಗೆ ಇದ್ದ ಕೆಲವು ವರ್ಷಗಳೇ ನಮ್ಮೂರಿನಲ್ಲಿ ಬೇಸ್ ನಿಜವಾಗಿ ಕೇಳಿದ ಕಾಲ. ಚಿಕ್ಕ ಅವಧಿ.

ಈಗ ಖಳನಾಯಕನ ಪ್ರವೇಶ. 1981ರ ಕೊನೆಗೆ ಜಪಾನಿನ ರೋಲ್ಯಾಂಡ್ ಕಂಪನಿ ಟಿಬಿ-303 ಅಂತ ಒಂದು ಬೆಳ್ಳಿ ಬಣ್ಣದ ಪುಟ್ಟ ಪೆಟ್ಟಿಗೆ ತಂತು. ಒಬ್ಬರೇ ಅಭ್ಯಾಸ ಮಾಡೋ ಗಿಟಾರ್‌ನವರಿಗೆ ಬೇಸ್ ನುಡಿಸೋ ಮನುಷ್ಯನ ಬದಲಿಗೆ ಯಂತ್ರ. ಧ್ವನಿ ಬೇಸ್ ಗಿಟಾರಿನ ಹಾಗೆ ಇರಲೇ ಇಲ್ಲ, 1984ಕ್ಕೆ ತಯಾರಿಕೆ ನಿಲ್ಲಿಸಿದ್ರು. ಆದ್ರೆ 1982ರಲ್ಲೇ ಬಾಂಬೆ ಸಿನಿಮಾ ಸಂಗೀತದ ವಾದಕ ಚರಣ್‌ಜಿತ್ ಸಿಂಗ್ ಅದೇ ಯಂತ್ರವನ್ನ ಬಳಸಿ ಹತ್ತು ರಾಗದ ಒಂದು ರೆಕಾರ್ಡ್ ಮಾಡಿದ್ರು. ಆಗ ಯಾರೂ ಮೂಸಲಿಲ್ಲ. 2010ರಲ್ಲಿ ಮರುಬಿಡುಗಡೆ ಆದಾಗ, ಷಿಕಾಗೋದವರು ಎಂಬತ್ತರ ದಶಕದ ಕೊನೆಗೆ ಮಾಡಿದ ಆಸಿಡ್ ಹೌಸ್ ಸಂಗೀತವನ್ನ ಈ ಮನುಷ್ಯ ಮೊದಲೇ ಮಾಡಿಬಿಟ್ಟಿದ್ದನಲ್ಲ ಅಂತ ಲೋಕವೇ ಬೆರಗಾಯ್ತು.

ನಮ್ಮೂರಿಗೆ ಬಂದದ್ದು ಟಿಬಿ-303 ಅಲ್ಲ, ಅದರ ಸೋದರಸಂಬಂಧಿಗಳು. ಆಟೋ ಅಕಂಪನಿಮೆಂಟ್ ಇರೋ ಕ್ಯಾಸಿಯೋ, ಯಮಹಾ ಕೀಬೋರ್ಡ್‌ಗಳು. ಎಡಗೈಯಲ್ಲಿ ಕಾರ್ಡ್ ಒತ್ತಿದ್ರೆ ಸಾಕು, ಡ್ರಮ್ಸೂ ಬೇಸೂ ತಾನೇ ನುಡಿಯುತ್ತೆ. 1987ರ ‘ಪ್ರೇಮಲೋಕ’ ಆದ ಮೇಲೆ ಜನರ ಕಿವಿಯೂ ಎಲೆಕ್ಟ್ರಾನಿಕ್ ಧ್ವನಿಗೆ ಒಗ್ಗಿಕೊಂಡಿತ್ತು. ಹಂಸಲೇಖ ಅವರ ಆ ಹಾಡುಗಳನ್ನ ವೇದಿಕೆ ಮೇಲೆ ನುಡಿಸೋಕೆ ಕೀಬೋರ್ಡ್ ಬೇಕೇ ಬೇಕು, ಬೇಸ್ ಇಲ್ಲದಿದ್ರೂ ನಡೆಯುತ್ತೆ.

ಅಂಕಲ್ ಇದ್ದ ತಂಡದ ಲೆಕ್ಕದ ನೋಟ್‌ಬುಕ್ ಒಂದನ್ನ ನಾನು ನೋಡಿದೆ. ತಂಡದ ಯಜಮಾನರ ಕೈಬರಹ, ಕೆಂಪು ರಟ್ಟು. ಪ್ರತಿ ಕಾರ್ಯಕ್ರಮಕ್ಕೂ ಒಂದು ಪುಟ. ವ್ಯಾನ್ ಬಾಡಿಗೆ, ಊಟ, ಗಾಯಕರು, ಕೀಬೋರ್ಡ್, ತಬಲ, ಗಿಟಾರ್, ಬೇಸ್. ಬೇಸ್ ಸಾಲಿನ ಕೆಳಗೆ ಇನ್ನೊಂದು ಸಾಲು: “ಬೇಸ್ ಪೆಟ್ಟಿಗೆ ಕೂಲಿ.” ತಂಡದಲ್ಲಿ ಬೇರೆ ಯಾವ ವಾದ್ಯಕ್ಕೂ ಎರಡು ಸಾಲು ಖರ್ಚಿಲ್ಲ. ಪುಟ ತಿರುವ್ತಾ ಹೋದೆ. ಒಂದು ಗಣಪತಿ ಸೀಸನ್‌ನಲ್ಲಿ ಬೇಸ್ ಇದೆ. ಮುಂದಿನ ಯುಗಾದಿಗೆ ಕೀಬೋರ್ಡ್ ಮುಂದೆ ಮೊತ್ತ ಜಾಸ್ತಿ, ಬೇಸ್ ಸಾಲು ಇಲ್ಲ. ಕಾರಣ ಬರೆದಿಲ್ಲ. ಲೆಕ್ಕದ ಪುಸ್ತಕದಲ್ಲಿ ಯಾರು ತಾನೇ ಕಾರಣ ಬರೀತಾರೆ.

ನಾನು ಓದಿದ ಪಾಠದ ಪ್ರಕಾರ ಯಜಮಾನರು ಮಾಡಿದ್ದು ಸರಿ. ಕೇಳುಗನಿಗೆ ವ್ಯತ್ಯಾಸ ಗೊತ್ತಾಗದ ಖರ್ಚನ್ನ ಕಡಿಮೆ ಮಾಡು. ಇದನ್ನ ಅಂಕಲ್ ಎದುರಿಗೇ ಹೇಳಿಬಿಟ್ಟೆ, ಹೇಳಬಾರದಿತ್ತು. ಅವರು ಸಿಟ್ಟಾಗಲಿಲ್ಲ. “ಜನ ಬಂದು ಕೇಳಿದ್ರಪ್ಪ,” ಅಂದ್ರು. “ಏನೋ ಒಂದು ಕಮ್ಮಿ ಆಗಿದೆ ಈ ಸಲ, ಏನು ಅಂತ ಗೊತ್ತಾಗ್ತಿಲ್ಲ ಅಂತ. ಮುಂದಿನ ವರ್ಷ ಅದನ್ನೂ ಕೇಳಲಿಲ್ಲ.” ಆ ಮೇಲೆ ಅವರು ಐದಾರು ವರ್ಷ ಆ ಯಜಮಾನರ ಹತ್ರ ಮಾತು ಬಿಟ್ಟಿದ್ರಂತೆ. ಒಂದೇ ಪಾಳಿಯಲ್ಲಿ ಕೆಲಸ, ಒಂದೇ ಬೀದಿಯಲ್ಲಿ ಮನೆ, ಮಾತಿಲ್ಲ. ಯಜಮಾನರ ಮಗಳ ಮದುವೆಯಲ್ಲಿ ಮಾತಾಡಿದ್ದು. ಅವರು ತೀರಿಕೊಂಡ ಮೇಲೆ ಆ ನೋಟ್‌ಬುಕ್ ಅವರ ಮನೆಯವರೇ ತಂದು ಕೊಟ್ಟದ್ದು.

ಉಳಿದದ್ದು ಬೇಗ ಹೇಳ್ತೀನಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಇಲ್ಲ. ಬೆಳಗಿನ ಜಾವದವರೆಗೆ ನಡೀತಿದ್ದ ಆರ್ಕೆಸ್ಟ್ರಾ ಮೂರು ಗಂಟೆಗೆ ಇಳೀತು. ಆ ನಿಯಮ ಬೇಕಿತ್ತು ಅನ್ನೋರಲ್ಲಿ ನಾನೂ ಒಬ್ಬ, ಆದ್ರೆ ವಾದಕರ ದುಡಿಮೆಗೆ ಪೆಟ್ಟು ಬಿದ್ದದ್ದೂ ನಿಜ. ಆಮೇಲೆ ಟ್ರ್ಯಾಕ್ ಬಂತು. ಪೆನ್‌ಡ್ರೈವ್ ಚುಚ್ಚು, ಹಾಡು. ಬೇಸನ್ನ ಓಡಿಸಿದ ಕೀಬೋರ್ಡ್‌ನವರೂ ಆಗ ಇಳಿದ್ರು. ಕಾಗದ ಕಾರ್ಖಾನೆಯ ಉತ್ಪಾದನೆ ನಿಂತು ವರ್ಷಗಳಾದವು. 1998ರಲ್ಲಿ ಸೇಲ್ ಜೊತೆ ವಿಲೀನವಾದ ಉಕ್ಕಿನ ಕಾರ್ಖಾನೆಯನ್ನ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂತು, ಕಾರ್ಮಿಕರು ಬೀದಿಗಿಳಿದ್ರು, ಅದೇ ವರ್ಷ ಸ್ವಲ್ಪ ಕೆಲಸ ಮತ್ತೆ ಶುರುವಾಯ್ತು. ಸೊಸೈಟಿ ಸಾಲದಲ್ಲಿ ಗಿಟಾರ್ ತಗೊಳ್ಳೋ ಕಾಯಂ ನೌಕರ ಈಗ ಎಷ್ಟು ಜನ ಇದ್ದಾರೆ, ನೀವೇ ಹೇಳಿ.

ತಮಾಷೆ ಅಂದ್ರೆ ಇವತ್ತು ಶಿವಮೊಗ್ಗದ ಮೆರವಣಿಗೆಯಲ್ಲಿ ಬೇಸ್‌ಗೆ ಏನೂ ಕಮ್ಮಿ ಇಲ್ಲ. ಡಿಜೆ ಲಾರಿ ಮೇಲೆ ಗೋಡೆ ಥರ ಸಬ್‌ವೂಫರ್. ಎದೆ ನಡುಗುತ್ತೆ, ಕಿಟಕಿ ಗಾಜು ನಡುಗುತ್ತೆ. ನುಡಿಸೋರು ಮಾತ್ರ ಯಾರೂ ಇಲ್ಲ.

ಹೊಸ ಹುಡುಗರು ಇದ್ದಾರೆ, ಇಲ್ಲ ಅಂತಲ್ಲ. ಚರ್ಚ್ ಕ್ವಾಯರ್‌ಗಳಲ್ಲಿ, ಕಾಲೇಜು ಫೆಸ್ಟ್‌ಗಳಲ್ಲಿ. ರಘು ದೀಕ್ಷಿತ್ ಪ್ರಾಜೆಕ್ಟ್‌ನಲ್ಲಿ ಗೌರವ್ ವಾಜ್ ನುಡಿಸೋದನ್ನ ನೋಡಿ ಕನ್ನಡ ಹಾಡಿಗೂ ಬೇಸ್ ಹೀಗೆ ಕುಣಿಯುತ್ತಾ ಅಂತ ನಾಲ್ಕು ತಂತಿ ಹಿಡಿದವರು ನನ್ನ ಗೆಳೆಯರಲ್ಲೇ ಇದ್ದಾರೆ. ಅವರು ಕೇಳೋ ಮೊದಲ ಪ್ರಶ್ನೆ, ಯಾವ ಬೇಸ್ ತಗೊಳ್ಳಲಿ? ಗಿಟಾರಿಗೆ ಅರ್ಧ ದುಡ್ಡು, ಸ್ಪೀಕರಿಗೆ ಅರ್ಧ ದುಡ್ಡು ಇಡಿ ಅಂತೀನಿ. ಯಾರೂ ಕೇಳಲ್ಲ. ಎಲ್ಲಾ ದುಡ್ಡು ಗಿಟಾರಿಗೆ ಸುರಿದು, ಮೊಬೈಲ್ ಸ್ಪೀಕರ್‌ನಲ್ಲಿ ರೀಲ್ಸ್ ಹಾಕ್ತಾರೆ. ಮತ್ತೆ ಟ್ರಾನ್ಸಿಸ್ಟರ್ ಕಾಲ.

ಕಳೆದ ತಿಂಗಳು ನನ್ನ ಬೇಸೂ, ಪುಟ್ಟ ಆಂಪೂ ತಗೊಂಡು ಅಂಕಲ್ ಮನೆಗೆ ಹೋಗಿದ್ದೆ. ಇಪ್ಪತ್ತು ವರ್ಷದ ಮೇಲಾಯ್ತು ಮುಟ್ಟಿ, ಬೇಡ ಅಂದ್ರು. ತೊಡೆ ಮೇಲೆ ಇಟ್ಟೆ. ನಾನು ಫೋನಿನಲ್ಲಿ ಟ್ಯೂನರ್ ಆ್ಯಪ್ ತೆಗೆಯೋಷ್ಟರಲ್ಲಿ ಕೈ ಎತ್ತಿ ತಡೆದ್ರು. ಕಿಟಕಿ ಕಡೆ ಕಿವಿ ಕೊಟ್ರು. ಬೀದಿ ಕೊನೆಯಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್ ಅಂತಿತ್ತು. ನಮ್ಮ ಕರೆಂಟು 50 ಹರ್ಟ್ಜ್, ಟ್ರಾನ್ಸ್‌ಫಾರ್ಮರ್ ಗುನುಗೋದು ಅದರ ಎರಡರಷ್ಟು, ನೂರು. ಬೇಸಿನ ಜಿ ತಂತಿ 98. “ಅದಕ್ಕಿಂತ ಒಂದು ಕೂದಲು ಕೆಳಗೆ,” ಅಂತ ಬಿರಡೆ ತಿರುಗಿಸಿದ್ರು. ಕಾರ್ಖಾನೆಯ ಸಬ್‌ಸ್ಟೇಷನ್‌ನಲ್ಲಿ ರಾತ್ರಿ ಪಾಳಿಯಲ್ಲಿ ಕಲಿತ ಉಪಾಯವಂತೆ. ಜಿ ಆದ ಮೇಲೆ ಡಿ, ಎ, ಕೊನೆಗೆ ಇ. ನಾನು ಮೆಲ್ಲಗೆ ಆ್ಯಪ್‌ನಲ್ಲಿ ನೋಡಿದೆ, ನಾಲ್ಕೂ ಸರಿಯಾಗಿತ್ತು. ಆಂಟಿ ಒಳಗಿಂದ ಕೂಗಿದ್ರು, “ರೀ, ಆ ಗೀತಾ ಪಿಕ್ಚರ್‌ದು ನುಡಿಸ್ರಿ.”

[ಬೇಸ್ ಗಿಟಾರ್ ಧ್ವನಿ]